ಲಿಸ್ಬನ್ನಿನ ಏರುಬೀದಿ, ಮಡೈರಾದ ಸೂಜಿ-ದಾರ

ಅಡುಗೆಮನೆಯ ‘ಬಟಾಟೆ’, ಬೀರುವಿನ ‘ಚಾವಿ’ – ಎರಡೂ ಪೋರ್ಚುಗೀಸರು ನಮಗೆ ಬಿಟ್ಟುಹೋದ ಮಾತುಗಳು. ಅವರ ನಾಡನ್ನು ನಾನೂ ನಮ್ಮವರೂ ಕಣ್ಣಾರೆ ನೋಡಿ ಬಂದೆವು.

ರಾಜಧಾನಿ ಲಿಸ್ಬನ್ ತುಂಬ ಏರು-ಇಳಿವಿನ ಬೀದಿಗಳು. ಮಂಡಿನೋವಿದ್ದವರಿಗೆ 28ನೇ ನಂಬರಿನ ಹಳದಿ ಟ್ರಾಮೇ ಗತಿ. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮನ ಸಮಾಧಿ ಇಲ್ಲಿನ ಜೆರೋನಿಮೊಸ್ ಮಠದಲ್ಲಿದೆ. “ಕಾಳುಮೆಣಸಿಗಾಗಿ ಅಷ್ಟು ದೂರ ಬಂದನಲ್ಲೇ!” ಎಂದರು ನಮ್ಮವರು. “ಹಿಂದೆ ಬಂದವರು ಮೆಣಸಿನಕಾಯಿ ತಂದರಲ್ಲ, ನಮ್ಮ ಸಾರಿಗೆ ಅಷ್ಟು ಸಾಕು” ಎಂದೆ.

ಅಲ್ಲಿಂದ ವಿಮಾನದಲ್ಲಿ ಎರಡು ಗಂಟೆಯೊಳಗೆ ಮಡೈರಾ ದ್ವೀಪ. ಬೆಟ್ಟದ ನೀರನ್ನು ಹೊಲಕ್ಕೆ ತರುವ ‘ಲೆವಾಡ’ ಕಾಲುವೆಗಳ ದಂಡೆಯಲ್ಲೇ ಎಷ್ಟು ದೂರ ಬೇಕಾದರೂ ನಡೆಯಬಹುದು. ಗೋಧಿಹಿಟ್ಟಿಗೆ ಸಿಹಿಗೆಣಸು ಬೆರೆಸಿ ಬೇಯಿಸುವ ‘ಬೋಲೊ ದೊ ಕಾಕೊ’ ರೊಟ್ಟಿ, ಮೇಲೆ ಬೆಳ್ಳುಳ್ಳಿ ಬೆಣ್ಣೆ – ಸಸ್ಯಾಹಾರಿಗಳಿಗೆ ವರ!

ನನ್ನ ಕಾಲು ನಿಂತದ್ದು ಮಾತ್ರ ಫುಂಶಾಲ್ ಪೇಟೆಯ ಕಸೂತಿ ಅಂಗಡಿಯಲ್ಲಿ. ಮನೆಗೆಲಸದ ನಡುವೆ ಹೆಂಗಸರು ಹಾಕುವ ಹೊಲಿಗೆ. ಕೂಲಿ ಹೊಲಿಗೆಗಳ ಎಣಿಕೆಯ ಮೇಲೆ. ಮೇಜುಬಟ್ಟೆಯ ಬೆಲೆ ಕೇಳಿ ಇವರು ಹುಬ್ಬೇರಿಸಿದರು. “ನೋಡ್ರೀ, ಮನೇಲಿ ಕೂತು ಮಾಡೋ ಕೆಲಸಕ್ಕೂ ಬೆಲೆ ಇರುತ್ತೆ” ಎಂದೆ. ಮಾತಿಲ್ಲದೆ ಒಂದು ಕರವಸ್ತ್ರ ಕೊಡಿಸಿದರು.

ಹೋಗುವ ಸೋದರಿಯರಿಗೊಂದು ಕಿವಿಮಾತು: ಅಸಲಿ ಕಸೂತಿಗೆ ಖಾತರಿಯ ಮುದ್ರೆ ಇರುತ್ತದೆ, ನೋಡಿಯೇ ಕೊಳ್ಳಿ.