ವ್ರತವೋ, ಬೇಸಾಯವೋ

ಒಂದು ಕಾಲದಲ್ಲಿ ನಮ್ಮ ದೊಡ್ಡ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪಗಳನ್ನು ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರವು, ನಾಣ್ಯ ಹಾಕಿ ಮೇಲೆ ನಿಂತವನ ಕೈಗೆ ಒಂದು ಗಟ್ಟಿ ಚೀಟಿಯನ್ನು ಉದುರಿಸುತ್ತಿತ್ತು. ಆ ಚೀಟಿಯಲ್ಲಿ ತೂಕದ ಅಂಕಿಯೊಡನೆ ಆತನ ಸ್ವಭಾವವನ್ನೋ ಭವಿಷ್ಯವನ್ನೋ ಸಾರುವ ಒಂದು ವಾಕ್ಯವೂ ಅಚ್ಚಾಗಿರುತ್ತಿತ್ತು. ಮಕ್ಕಳಾಗಿದ್ದ ನಮಗೆ ಅಂಕಿಗಿಂತ ಆ ವಾಕ್ಯದಲ್ಲಿಯೇ ಹೆಚ್ಚು ಕುತೂಹಲ. ಈಗ ಆ ಯಂತ್ರವು ಒಂದು ಗಾಜಿನ ಹಲಗೆಯಾಗಿ ಮನೆಯ ಮೂಲೆಯನ್ನು ಸೇರಿದೆ. ಭವಿಷ್ಯವನ್ನು ಅದು ಅಚ್ಚುಹಾಕುವುದಿಲ್ಲ; ಆದರೆ ಮೈಯ ಭಾರವನ್ನು ಇಳಿಸಬೇಕೆಂದು ತಿಂಗಳುಗಟ್ಟಲೆ ಶ್ರಮಿಸಿ, ಒಂದು ಮುಂಜಾನೆ ಆ ಹಲಗೆಯ ಮೇಲೆ ನಿಂತು, ಅಂಕಿಯು ಕದಲದೆ ಇರುವುದನ್ನೋ, ಅದಕ್ಕಿಂತಲೂ ಕೆಟ್ಟದಾಗಿ ಹಿಂದಿನ ವಾರಕ್ಕಿಂತ ಮೇಲೇರಿರುವುದನ್ನೋ ಕಂಡ ಮನುಷ್ಯನು ಆ ವಾಕ್ಯವನ್ನು ತಾನೇ ಬರೆದುಕೊಳ್ಳುತ್ತಾನೆ: "ಇದು ನನ್ನಿಂದಾಗುವ ಕೆಲಸವಲ್ಲ; ನನ್ನಲ್ಲಿ ಮನೋಬಲವಿಲ್ಲ." ಅಂಕಿಯು ದೇಹಕ್ಕೆ ಸಂಬಂಧಿಸಿದ್ದು, ವಾಕ್ಯವು ಮನುಷ್ಯನ ಯೋಗ್ಯತೆಗೆ ಸಂಬಂಧಿಸಿದ್ದು. ಒಂದರಿಂದ ಇನ್ನೊಂದನ್ನು ಊಹಿಸಿಕೊಳ್ಳುವ ಈ ಅಭ್ಯಾಸದಿಂದ ಎಷ್ಟು ಮಂದಿ ಸತ್ಪ್ರಯತ್ನವನ್ನು ಅರ್ಧದಾರಿಯಲ್ಲಿ ಕೈಬಿಟ್ಟಿದ್ದಾರೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಈ ನಿರಾಶೆಯ ಮೊದಲ ಬೀಜವು ಬಿತ್ತಲ್ಪಡುವುದು ವಿಚಿತ್ರವಾಗಿ ಮೊದಲ ಯಶಸ್ಸಿನಲ್ಲಿಯೇ. ಅನ್ನ, ಸಿಹಿ, ಕರಿದ ತಿಂಡಿಗಳನ್ನು ಕಡಮೆ ಮಾಡಿದ ಮೊದಲ ಹದಿನೈದು ದಿನಗಳಲ್ಲಿ ಎರಡು ಮೂರು ಕಿಲೋ ಇಳಿದುಬಿಡುವುದು ಅನೇಕರ ಅನುಭವ. ಹೀಗೆಯೇ ನಡೆದರೆ ದೀಪಾವಳಿಯ ಹೊತ್ತಿಗೆ ಇಷ್ಟು, ಸಂಕ್ರಾಂತಿಯ ಹೊತ್ತಿಗೆ ಇಷ್ಟು ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಆದರೆ ಆಗ ಇಳಿದದ್ದರಲ್ಲಿ ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕಿಲೋದಷ್ಟು ಕೂಡಿಟ್ಟುಕೊಂಡಿರುತ್ತವೆ. ಅದರ ಒಂದೊಂದು ಗ್ರಾಮೂ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಆಹಾರ ಕಡಮೆಯಾದೊಡನೆ ಆ ಸಂಗ್ರಹವು ಕರಗಿ, ನೀರೂ ಹೊರಟುಹೋಗುತ್ತದೆ. ಮೈಯ ಕೊಬ್ಬು ಕರಗುವ ಗತಿಯಾದರೋ ಬೇರೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿಗಳಷ್ಟು ಶಕ್ತಿಯು ಅಡಗಿರುವುದರಿಂದ, ದಿನಕ್ಕೆ 500 ಕ್ಯಾಲೊರಿ ಕಡಮೆ ತಿಂದವನಿಗೂ ಒಂದು ಕಿಲೋ ಕೊಬ್ಬು ಕರಗಲು ಎರಡು ವಾರಕ್ಕೂ ಮೇಲ್ಪಟ್ಟು ಬೇಕು. ಮೊದಲ ಹದಿನೈದು ದಿನಗಳ ವೇಗವನ್ನೇ ನ್ಯಾಯವಾದ ವೇಗವೆಂದು ನಂಬಿದವನಿಗೆ, ಮೂರನೆಯ ತಿಂಗಳಿನ ಸಹಜ ನಡಿಗೆಯು ಸೋಲಿನಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಇದಾದ ಮೇಲೆ ಬರುವುದು ಇನ್ನೂ ಕಠಿನವಾದ ಘಟ್ಟ. ನಡಿಗೆಯನ್ನೂ ತಪ್ಪಿಸದೆ, ಊಟವನ್ನೂ ಮೀರದೆ ಇದ್ದರೂ ತೂಕವು ವಾರಗಟ್ಟಲೆ ಒಂದೇ ಕಡೆ ನಿಂತುಬಿಡುತ್ತದೆ. ಹಗುರಾದ ಮೈಗೆ ಬೇಕಾಗುವ ಶಕ್ತಿಯೇ ಕಡಮೆಯೆಂಬುದು ಒಂದು ಕಾರಣ. ಅದಕ್ಕಿಂತಲೂ ಆಳವಾದ ಕಾರಣವೊಂದುಂಟು. ದೇಹಕ್ಕೆ ನಮ್ಮ ಸಂಕಲ್ಪದ ಪರಿಚಯವಿಲ್ಲ. ಅದಕ್ಕೆ ಪರಿಚಯವಿರುವುದು ಬರಗಾಲ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, ಹಸಿದ ಯೂರೋಪಿಗೆ ಮತ್ತೆ ಹೇಗೆ ಉಣಿಸಬೇಕೆಂಬುದನ್ನು ತಿಳಿಯುವುದಕ್ಕಾಗಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಮಂದಿ ಯುವಕರ ಮೇಲೆ ಒಂದು ಪ್ರಯೋಗವನ್ನು ನಡೆಸಿದನು. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದೆ ಯುದ್ಧಕ್ಕೆ ಹೋಗದಿದ್ದ ಆ ಯುವಕರು, ತಮ್ಮ ಹಸಿವಿನಿಂದಲಾದರೂ ಲೋಕಕ್ಕೆ ಉಪಕಾರವಾಗಲೆಂದು ಸ್ವಇಚ್ಛೆಯಿಂದ ಮುಂದೆ ಬಂದವರು. ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು ಅವರು ತಮ್ಮ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಅಷ್ಟರಲ್ಲಿ ಅವರ ದೇಹದ ಉರಿಯು ತಗ್ಗಿ, ಸದಾ ಚಳಿಯೆನಿಸತೊಡಗಿತು. ಉತ್ಸಾಹ ಬತ್ತಿತು, ವಿಷಾದ ಕವಿಯಿತು. ಅನ್ನದ ಚಿಂತೆಯ ಹೊರತು ಬೇರೊಂದು ಚಿಂತೆ ಉಳಿಯದೆ, ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನೇ ಹಗಲೂ ರಾತ್ರಿ ಓದುತ್ತಿದ್ದರು. ಮತ್ತೆ ಬೇಕಾದಷ್ಟು ಉಣ್ಣಲು ಅವಕಾಶವಾದಾಗ ಅವರಲ್ಲಿ ಅನೇಕರಿಗೆ ಎಷ್ಟುಂಡರೂ ತೃಪ್ತಿಯೇ ಆಗಲಿಲ್ಲ. ಅವರು ಮೊದಲೇ ತೆಳ್ಳಗಿದ್ದವರು, ಅನುಭವಿಸಿದ ಕೊರತೆಯೂ ತೀವ್ರವಾದದ್ದು. ಆದಕಾರಣ ಅವರ ಪಾಡನ್ನು ಯಥಾವತ್ತಾಗಿ ನಮಗೆ ಅನ್ವಯಿಸಲಾಗದು. ಆದರೂ ಮನಸ್ಸಾಕ್ಷಿಗಾಗಿ ದೇಶದ ನಿಂದೆಯನ್ನೇ ಸಹಿಸಬಲ್ಲ ದೃಢಚಿತ್ತರ ಪಾಡೇ ಇದಾದರೆ, ಹಸಿವಿನೆದುರು ಸೋತವನನ್ನು ಮನೋಬಲವಿಲ್ಲದವನೆಂದು ಜರೆಯುವುದು ನ್ಯಾಯವಲ್ಲವೆಂಬ ಮಾತು ಸ್ಪಷ್ಟವಾಗುತ್ತದೆ.

ಮುಂದಿನ ಶೋಧನೆಗಳು ಈ ಪ್ರತಿರೋಧದ ಸೂತ್ರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದುವು. ಮೈಯ ಕೊಬ್ಬೇ ಮಿದುಳಿಗೆ "ಸಂಗ್ರಹ ಸಾಕಷ್ಟಿದೆ" ಎಂದು ತಿಳಿಸುವ ಲೆಪ್ಟಿನ್ ಎಂಬ ರಸವು 1994ರಲ್ಲಿಯೂ, ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬುದು 1999ರಲ್ಲಿಯೂ ಬೆಳಕಿಗೆ ಬಂದುವು. ತೂಕ ಇಳಿದಾಗ ಮೊದಲನೆಯದು ತಗ್ಗುತ್ತದೆ, ಎರಡನೆಯದು ಹೆಚ್ಚುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 50 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಇಳಿಸಿ ಒಂದು ವರ್ಷವಾದ ಮೇಲೂ ಈ ರಸಗಳು ಮೊದಲಿನ ಸಮತೋಲಕ್ಕೆ ಬಂದಿರಲಿಲ್ಲ. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಅತಿವೇಗವಾಗಿ ತೂಕ ಕಳೆದುಕೊಂಡಿದ್ದ 14 ಮಂದಿಯನ್ನು ಆರು ವರ್ಷಗಳ ಮೇಲೆ ಪರೀಕ್ಷಿಸಿದಾಗ, ಅವರ ದೇಹಗಳು ಅವರ ಗಾತ್ರಕ್ಕೆ ಸಹಜವಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಗಳಷ್ಟು ಕಡಮೆ ಶಕ್ತಿಯನ್ನು ವ್ಯಯಿಸುತ್ತಿದ್ದುವು. ನಮ್ಮ ಪ್ರಾಚೀನ ವೈದ್ಯರ ದೃಷ್ಟಿಯೂ ಇದರಿಂದ ದೂರವಿರಲಿಲ್ಲ. ಮೇದಸ್ಸಿನಿಂದ ಮಾರ್ಗವು ತಡೆಯಲ್ಪಟ್ಟ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಜಠರಾಗ್ನಿಯನ್ನು ಉದ್ದೀಪಿಸುವುದರಿಂದ, ಸ್ಥೂಲಕಾಯನಿಗೆ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವೆಯಾಗುತ್ತದೆಂದು ಚರಕಸಂಹಿತೆಯ ಸೂತ್ರಸ್ಥಾನವು ವಿವರಿಸುತ್ತದೆ. ಪರಿಭಾಷೆ ಬೇರೆಯಾದರೂ ಭಾವ ಒಂದೇ: ಹಸಿವು ರೋಗಿಯ ಲೋಭವಲ್ಲ, ದೇಹದ ವ್ಯಾಪಾರ.

ದೇಹದ ವಿಚಾರ ಹೀಗಾದರೆ ಮನಸ್ಸಿನ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಎರಡು ತಿಂಗಳು ನೇಮದಿಂದಿದ್ದ ಗೃಹಿಣಿಯೊಬ್ಬಳು ಬಂಧುಗಳ ಮದುವೆಗೆ ಹೋಗುತ್ತಾಳೆ. ಎಲೆಯ ಮುಂದೆ ಕುಳಿತಾಗ, "ಇವತ್ತೊಂದು ದಿನ ತಿಂದರೆ ಏನಾಗುತ್ತದೆ, ತಗೊಳ್ಳಿ ಅಕ್ಕ" ಎಂದು ಬಡಿಸುವವರು ಒತ್ತಾಯಪಡಿಸಿ ಒಬ್ಬಟ್ಟನ್ನು ಹಾಕಿ ಅದರ ಮೇಲೆ ತುಪ್ಪ ಸುರಿಯುತ್ತಾರೆ. ಒಂದನ್ನು ತಿಂದ ಮೇಲೆ, "ಹೇಗೂ ಕೆಟ್ಟಿತಲ್ಲ" ಎಂದು ಇನ್ನೊಂದು, ಸಂಜೆಗೆ ಕರಿದದ್ದು, ಮಾರನೆಯ ದಿನ ತಾಂಬೂಲದೊಡನೆ ಮನೆಗೆ ಬಂದ ಲಾಡು. ಕಡೆಗೆ, "ಇನ್ನು ಮುಂದಿನ ತಿಂಗಳು ಹೊಸದಾಗಿ ಆರಂಭಿಸೋಣ" ಎಂಬ ನಿಶ್ಚಯ. ಆಕೆಯನ್ನು ಕೆಡಿಸಿದ್ದು ಮೊದಲ ಒಬ್ಬಟ್ಟಲ್ಲ. "ಕೆಟ್ಟಿತು" ಎಂಬ ಆ ಒಂದು ಮಾತು. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮಿನ ರುಚಿ ನೋಡಲು ಹೇಳಲಾಯಿತು. ಪಥ್ಯದ ಗೋಜಿಲ್ಲದವರು, ಹೊಟ್ಟೆ ತುಂಬಿದ್ದರಿಂದ, ಐಸ್‌ಕ್ರೀಮನ್ನು ಕಡಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿರತಕ್ಕವರು, ನಿಯಮ ಹೇಗೂ ಮುರಿಯಿತೆಂದು, ಹೆಚ್ಚಾಗಿ ತಿಂದರು.

ನಮ್ಮಲ್ಲಿ ಈ ಭಾವನೆಯು ಇಷ್ಟು ಬಲವಾಗಿರುವುದಕ್ಕೆ ನಮ್ಮ ಸಂಸ್ಕಾರವೂ ಒಂದು ಕಾರಣವೆಂದು ನನಗೆ ತೋರುತ್ತದೆ. ಆಹಾರದ ನಿಯಮವೆಂದೊಡನೆ ನಮಗೆ ನೆನಪಾಗುವುದು ವ್ರತ. ಏಕಾದಶಿಯಾಗಲಿ ಶಿವರಾತ್ರಿಯಾಗಲಿ, ವ್ರತಕ್ಕೆ ಒಂದು ಸಂಕಲ್ಪವುಂಟು, ಒಂದು ಪಾರಣೆಯುಂಟು. ದೀರ್ಘವಾದ ವ್ರತಕ್ಕೆ ಉದ್ಯಾಪನೆಯುಂಟು. ನಡುವೆ ಒಂದು ಅಗುಳು ಬಾಯಿಗೆ ಬಿದ್ದರೂ ಅದು ಭಂಗ. ವ್ರತಕ್ಕೆ ಈ ಕಟ್ಟುನಿಟ್ಟು ಭೂಷಣವೇ ಸರಿ. ಅದರ ಉದ್ದೇಶವು ಬೇರೆ, ಅವಧಿಯೂ ಮಿತವಾದದ್ದು. ಆದರೆ ಆ ಮನೋಧರ್ಮವನ್ನೇ ತೂಕ ಇಳಿಸುವ ಕೆಲಸಕ್ಕೆ ತಂದಾಗ ಎರಡು ಅನರ್ಥಗಳು ಉಂಟಾಗುತ್ತವೆ. ಒಂದು, ಸಣ್ಣ ತಪ್ಪೂ ವ್ರತಭಂಗವಾಗಿ ಕಂಡು ಸಮಸ್ತವೂ ನಷ್ಟವಾಯಿತೆನಿಸುತ್ತದೆ. ಇನ್ನೊಂದು, ಗುರಿ ಮುಟ್ಟಿದ ದಿನವು ಉದ್ಯಾಪನೆಯ ದಿನವಾಗಿ, ಹಳೆಯ ಊಟವೂ ಹಳೆಯ ತೂಕವೂ ಒಟ್ಟಿಗೆ ಮರಳುತ್ತವೆ.

ಮೈಯನ್ನು ಹದದಲ್ಲಿಟ್ಟುಕೊಳ್ಳುವುದು ಬೇಸಾಯದ ಜಾತಿಗೆ ಸೇರಿದ ಕೆಲಸ. ಮುಂಗಾರು ಕೈಕೊಟ್ಟಿತೆಂದು ರೈತನು ತನ್ನನ್ನು ಶಪಿಸಿಕೊಂಡು ಕೂರುವುದಿಲ್ಲ. ಮುಂದಿನ ಮಳೆಯ ಹದ ನೋಡಿ ಹುರುಳಿಯನ್ನಾದರೂ ಬಿತ್ತುತ್ತಾನೆ. ಕಿತ್ತ ಕಳೆ ಮತ್ತೆ ತಲೆಯೆತ್ತಿದರೆ ಹೊಲಕ್ಕೆ ಮೋಸವಾಯಿತೆಂದು ಅವನು ಭಾವಿಸುವುದಿಲ್ಲ, ಮತ್ತೆ ಕೀಳುತ್ತಾನೆ. ಬೇಸಾಯಕ್ಕೆ ಭಂಗವಿಲ್ಲ, ಉದ್ಯಾಪನೆಯೂ ಇಲ್ಲ. ಇರುವುದು ಮುಂದಿನ ಹದ. ಅಹಿತವಾದ ಅಭ್ಯಾಸವನ್ನು ಒಮ್ಮೆಗೇ ಕಿತ್ತೊಗೆಯದೆ ಅಂಶ ಅಂಶವಾಗಿ ಬಿಡುತ್ತ, ಹಿತವಾದುದನ್ನು ಅದೇ ಕ್ರಮದಲ್ಲಿ ಹಿಡಿಯುತ್ತ ಹೋಗಬೇಕೆಂದು ಚರಕಸಂಹಿತೆಯೂ ಬೋಧಿಸುತ್ತದೆ.

ಈ ದೃಷ್ಟಿಯಿಂದ ಮದುವೆಯ ಊಟದ ಲೆಕ್ಕವನ್ನು ಮತ್ತೊಮ್ಮೆ ಮಾಡೋಣ. ಅಂದು ಅಗತ್ಯಕ್ಕಿಂತ 1000 ಕ್ಯಾಲೊರಿಗಳಷ್ಟು ಹೆಚ್ಚು ಉಂಡದ್ದಾಯಿತೆಂದೇ ಇಟ್ಟುಕೊಂಡರೂ, ಅದೆಲ್ಲವೂ ಕೊಬ್ಬಾದರೆ ಆಗುವುದು ಸುಮಾರು 130 ಗ್ರಾಂ. ಮರುದಿನ ಯಂತ್ರವು ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ, ಮಿಕ್ಕದ್ದೆಲ್ಲ ಉಪ್ಪು ಮತ್ತು ಗ್ಲೈಕೋಜನ್ ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿ ಇನ್ನೂ ಇರುವ ಅನ್ನ. ಎಂದಿನ ಊಟಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ಅದು ತಾನಾಗಿ ಹೋಗತಕ್ಕದ್ದು. ಪ್ರಾಯಶ್ಚಿತ್ತವೆಂದು ಮಾರನೆಯ ದಿನವೆಲ್ಲ ಉಪವಾಸವಿದ್ದರೆ, ಸಂಜೆಯ ಹೊತ್ತಿಗೆ ಹಸಿವು ಉಕ್ಕಿ ಮತ್ತೆ ಮೀರುವ ಸಂಭವವೇ ಹೆಚ್ಚು. ನಮ್ಮ ಭಾಷೆಯಲ್ಲಿ ಊಟವನ್ನು ಹೊತ್ತಿನ ಲೆಕ್ಕದಲ್ಲಿ ಎಣಿಸುತ್ತೇವೆ. ಒಂದು ಹೊತ್ತು ತಪ್ಪಿದರೆ, ಕೈಯಲ್ಲಿರುವುದು ಮುಂದಿನ ಹೊತ್ತು; ಅದನ್ನು ಮುಂದಿನ ಸೋಮವಾರದವರೆಗೆ ಮುಂದೂಡಬೇಕಾದ ಕಾರಣವಿಲ್ಲ. ಅಂದಿನ ರಾತ್ರಿಗೆ ಒಂದು ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಆದರೆ, ಬೇಸಾಯ ನಿಂತಿಲ್ಲವೆಂದೇ ಅರ್ಥ.

ಅಳತೆಗೋಲನ್ನೂ ಬದಲಾಯಿಸಿಕೊಳ್ಳಬೇಕು. ದಿನದ ಅಂಕಿಗಿಂತ ವಾರದ ಸರಾಸರಿ ಮೇಲು. ಅಂಕಿಯೊಡನೆ ಸೊಂಟದ ಸುತ್ತಳತೆ, ಮೆಟ್ಟಿಲೇರುವಾಗಿನ ಉಸಿರು, ರಾತ್ರಿಯ ನಿದ್ರೆ, ರಕ್ತದೊತ್ತಡ, ಸಕ್ಕರೆಯ ಪ್ರಮಾಣ ಇವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ವಿವೇಕ. ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನವು ಈ ಮಾತಿಗೆ ದೊಡ್ಡ ಸಾಕ್ಷಿ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯಲ್ಲಿ, ಎಂದಿನಂತೆಯೇ ಇದ್ದ ಗುಂಪಿನ ಶೇಕಡ 55ರಷ್ಟು ಜನಕ್ಕೆ ಮೂರು ವರ್ಷಗಳೊಳಗೆ ರೋಗ ಬಂದಿತು. ಊಟವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಸಿಕೊಂಡ ಗುಂಪಿನಲ್ಲಿ ಅದು ಶೇಕಡ 39ಕ್ಕೆ ಇಳಿಯಿತು. ಈ ಎರಡನೆಯ ಗುಂಪಿನವರ ಸರಾಸರಿ ತೂಕವಾದರೋ ಗಣನೀಯವಾಗಿ ಇಳಿದಿರಲಿಲ್ಲ! ಅವರು ತೂಕದ ಹಲಗೆಯೊಂದನ್ನೇ ನಂಬಿದ್ದರೆ, ತಾವು ಗೆಲ್ಲುತ್ತಿದ್ದ ಹೊತ್ತಿನಲ್ಲಿಯೇ ಸೋತೆವೆಂದು ಕೈಚೆಲ್ಲುತ್ತಿದ್ದರು. ಗುರಿಯೂ ಬಹು ದೊಡ್ಡದಾಗಿರಬೇಕಾಗಿಲ್ಲ. 3234 ಮಂದಿಯನ್ನೊಳಗೊಂಡು 2002ರಲ್ಲಿ ಪ್ರಕಟವಾದ ಅಮೆರಿಕದ ಇಂಥದೇ ಅಧ್ಯಯನವು ಇಟ್ಟ ಗುರಿ ದೇಹತೂಕದ ಶೇಕಡ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ವ್ಯಾಯಾಮ. ಮಧುಮೇಹವು ಬರುವ ಸಂಭವವು ಅದರಿಂದ ಶೇಕಡ 58ರಷ್ಟು ತಗ್ಗಿತು. 80 ಕಿಲೋ ತೂಗುವವನಿಗೆ ಆ ಗುರಿಯು ಸುಮಾರು ಐದೂವರೆ ಕಿಲೋ ಮಾತ್ರ.

ಎಷ್ಟು ನೇಮದಿಂದಿದ್ದರೂ ಏನೂ ಸಾಗದಿದ್ದಾಗ, ಅಥವಾ ತೂಕವು ಕಾರಣವಿಲ್ಲದೆ ಏರುತ್ತಿದ್ದಾಗ, ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಹೆಣ್ಣುಮಕ್ಕಳಲ್ಲಿ ಪಿಸಿಒಡಿ, ಸ್ಟೆರಾಯ್ಡಿನಂತಹ ಕೆಲವು ಔಷಧಗಳು ಇದರ ಹಿಂದಿರಬಹುದು. ನಿರಾಶೆಯು ವಾರಗಟ್ಟಲೆ ಬಿಡದೆ ಕವಿದಿದ್ದರೆ, ಇಲ್ಲವೆ ತಡೆಯಲಾರದೆ ಒಮ್ಮೆಗೇ ಬಹಳವಾಗಿ ತಿಂದು ಗುಟ್ಟಾಗಿ ಕೊರಗುವುದು ಪದೇಪದೇ ಆಗುತ್ತಿದ್ದರೆ, ಮನೋವೈದ್ಯರ ನೆರವನ್ನು ಪಡೆಯಲು ಸಂಕೋಚ ಸಲ್ಲದು.

ಮನೆಯವರ ಪಾಲೂ ಇದರಲ್ಲಿ ಸಣ್ಣದಲ್ಲ. "ಇಷ್ಟು ದಿನವಾದರೂ ಹಾಗೆಯೇ ಇದ್ದೀಯಲ್ಲ" ಎಂಬ ಒಂದು ಮಾತು ತಿಂಗಳ ಶ್ರಮವನ್ನು ಹಾಳುಮಾಡಬಲ್ಲುದು. ಎಲ್ಲರಿಗೂ ರುಚಿರುಚಿಯಾಗಿ ಬಡಿಸಿ, ಮಕ್ಕಳು ತಟ್ಟೆಯಲ್ಲಿ ಬಿಟ್ಟುದನ್ನು ಅನ್ನ ಚೆಲ್ಲಬಾರದೆಂಬ ಒಂದೇ ಕಾರಣದಿಂದ ತಾನು ತಿಂದು ಮುಗಿಸುವ ತಾಯಿಗೆ, ಒಬ್ಬಳೇ ಬೇರೆ ಊಟ ಮಾಡಿಕೊಳ್ಳೆಂದು ಹೇಳುವುದು ಸುಲಭ. ಅವಳ ಊಟವನ್ನೇ ಮನೆಯ ಊಟವಾಗಿ ಮಾಡಿಕೊಳ್ಳುವುದೂ, ಸಂಜೆಯ ಅರ್ಧ ಗಂಟೆ ಒಲೆಯ ಕೆಲಸವನ್ನು ವಹಿಸಿಕೊಂಡು ಅವಳನ್ನು ನಡಿಗೆಗೆ ಕಳುಹಿಸುವುದೂ ನಿಜವಾದ ಸಹಾಯ. ಹೊಲದಲ್ಲಿ ಒಬ್ಬರೇ ಕಳೆ ಕೀಳುವುದಕ್ಕೂ ಮನೆಮಂದಿಯೆಲ್ಲ ಸಾಲಾಗಿ ಬಗ್ಗುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಅಷ್ಟೇ ವ್ಯತ್ಯಾಸ ಇಲ್ಲಿಯೂ ಉಂಟು.

ಹೀಗೆ ನಡೆದವರಿಗೂ ಅಂಕಿಯು ಮೇಲೇರುವ ಮುಂಜಾನೆಗಳು ಬಂದೇ ಬರುತ್ತವೆ. ಅಂತಹ ಮುಂಜಾನೆ, ರೈಲು ನಿಲ್ದಾಣದ ಆ ಹಳೆಯ ಚೀಟಿಯನ್ನು ನೆನೆಸಿಕೊಳ್ಳಬೇಕೆಂದು ನನ್ನ ಆಸೆ. ಅದರಲ್ಲಿದ್ದ ಭವಿಷ್ಯವು ಮೊದಲೇ ಅಚ್ಚಾಗಿ ಕಟ್ಟಿನಲ್ಲಿ ಕಾದಿರುತ್ತಿತ್ತು. ಚೀಟಿಯನ್ನು ಹಿಡಿದವನು ಯಾರೆಂಬುದನ್ನು ಅದು ಅರಿಯದು. ಅಂಕಿಯನ್ನು ಪುಸ್ತಕದಲ್ಲಿ ಬರೆದು, ಹಲಗೆಯನ್ನು ಮೂಲೆಗೆ ಸರಿಸಿ, ಬೆಳಗಿನ ಹೊತ್ತಿಗೆ ಏನು ಮಾಡಬೇಕೆಂದು ಅಡುಗೆಮನೆಯ ಕಡೆಗೆ ಹೊರಡುವುದೇ ಅಂದಿನ ಕೆಲಸ.