ಗಲ್ಫಿಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ಗಸಗಸೆ ಬೇಡ

ಮಗ ಮೊದಲ ಸಲ ಗಲ್ಫಿಗೆ ಹೊರಟ ಮನೆಯಲ್ಲಿ ಪೆಟ್ಟಿಗೆ ತುಂಬುವುದು ಉಮ್ಮನೇ. ಉಪ್ಪಿನಕಾಯಿ, ಒಣಮೀನು, ಹುರಿದು ಪುಡಿ ಮಾಡಿದ ಮಸಾಲೆ, ಜೊತೆಗೊಂದು ಪೊಟ್ಟಣ ಗಸಗಸೆ. ಕುರ್ಮಾಕ್ಕೂ ಪಾಯಸಕ್ಕೂ ನಮಗೆ ಅದು ಬೇಕು. ಆದರೆ ಯುಎಇ ಮತ್ತು ಸೌದಿಯ ಕಾನೂನಿನ ಲೆಕ್ಕದಲ್ಲಿ ಗಸಗಸೆ ಎಂದರೆ ಅಫೀಮಿನ ಗಿಡದ ಬೀಜ. ಅಡುಗೆಗೆ ತಂದದ್ದು ಎಂದು ವಿಮಾನ ನಿಲ್ದಾಣದಲ್ಲಿ ಎಷ್ಟು ಅತ್ತರೂ ನಡೆಯುವುದಿಲ್ಲ. ಗುಟ್ಕಾ, ವೀಳ್ಯದೆಲೆಯೂ ಬೇಡ. ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳಿದ್ದರೆ ಡಾಕ್ಟರ್ ಚೀಟಿ ಬೇಕು; ಕೆಲವು ಮಾತ್ರೆಗೆ ಚೀಟಿ ಇದ್ದರೂ ಸಾಲದು, ಮೊದಲೇ ಅನುಮತಿ ಪಡೆಯಬೇಕು. "ನಮ್ಮ ಭಾವನಿಗೆ ಸ್ವಲ್ಪ ಕೊಟ್ಟುಬಿಡಿ" ಎಂದು ಪರಿಚಯದವರು ತರುವ ಪೊಟ್ಟಣವನ್ನಂತೂ ಬಿಚ್ಚಿ ನೋಡದೆ ಒಳಗಿಡಬಾರದು. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ನಾನಿರುವುದು ಹುಬ್ಬಳ್ಳಿ-ಧಾರವಾಡದ ನಡುವಿನ ಉಣಕಲ್‌ನಲ್ಲಿ. ಇಲ್ಲಿ ನಮ್ಮನ್ನು ಉಸ್ತಾದ್ ಅನ್ನುವವರು ಕಡಿಮೆ, ಹಜರತ್ ಅನ್ನುತ್ತಾರೆ. ಜುಮಾ ಮುಗಿದ ಮೇಲೆ "ಹಜರತ್, ದುವಾ ಮಾಡ್ರಿ, ವೀಸಾ ಬಂದೈತಿ" ಎಂದು ಕೈ ಹಿಡಿಯುವ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ಚಿಗರಿ ಬಸ್ಸು ಹತ್ತಿ ರೈಲ್ವೆ ಸ್ಟೇಷನ್, ಅಲ್ಲಿಂದ ಬೆಂಗಳೂರೋ ಮುಂಬೈಯೋ, ಆಮೇಲೆ ವಿಮಾನ. ದುವಾ ಮಾಡುತ್ತೇನೆ, ಆಮೇಲೆ ವೀಸಾ ತೋರಿಸು ಅನ್ನುತ್ತೇನೆ. ತೋರಿಸಲು ಹಿಂಜರಿದರೆ ಅರ್ಥವಾಗುತ್ತದೆ, ಅದು ವಿಸಿಟ್ ವೀಸಾ.

ಈ ವಿಸಿಟ್ ವೀಸಾದ ಕಥೆ ನಮ್ಮ ಮನೆಗಳು ಸರಿಯಾಗಿ ತಿಳಿಯಬೇಕು. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಅವನು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು. ಅನುಮತಿ ಕೊಡುವಾಗ ಕೆಲಸದ ಕರಾರು ನೋಡುತ್ತಾರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಮತ್ತು ತೆರಿಗೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ, 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ. ಈ ದಾರಿಯಲ್ಲಿ ಹೋದರೆ ಕಳ್ಳ ಏಜೆಂಟನಿಗೆ ಗಿಟ್ಟುವುದಿಲ್ಲ. ಹಾಗಾಗಿ "ಮೊದಲು ವಿಸಿಟ್‌ನಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಅನ್ನುತ್ತಾನೆ. ವಿಮೆ ಇಲ್ಲ, ಕರಾರಿಲ್ಲ, ಇವನು ಕೆಲಸಕ್ಕೆ ಹೋಗಿದ್ದಾನೆ ಎಂಬ ದಾಖಲೆಯೇ ಇಲ್ಲ.

ನನ್ನ ಬಳಿ ಓದಿದ ಒಬ್ಬ ಹುಡುಗ ಹಾಗೇ ದುಬೈಗೆ ಹೋದ. ಅಂಗಡಿ ಕೆಲಸ ಅಂದಿದ್ದರು, ಸಿಕ್ಕಿದ್ದು ಲೋಡಿಂಗ್. ವೀಸಾ ಮುಗಿಯಿತು, ಯಾರೂ ಬದಲಾಯಿಸಿ ಕೊಡಲಿಲ್ಲ. ಸಂಬಳ ಕೇಳಿದರೆ "ಹೋಗು, ಪೊಲೀಸರಿಗೆ ಹೇಳು" ಅಂದರಂತೆ. ಹೇಳುವುದು ಹೇಗೆ? ವಿಸಿಟ್ ವೀಸಾದಲ್ಲಿ ದುಡಿದವನು ಅಲ್ಲಿನ ಕಾನೂನಿನ ಮುಂದೆ ತಾನೇ ತಪ್ಪಿತಸ್ಥ. ಊರಿನಲ್ಲಿ ಉಮ್ಮನ ಬಳೆ ಅಡವಿನಲ್ಲಿತ್ತು, ತಿಂಗಳು ತಿಂಗಳು ಬಡ್ಡಿ ಏರುತ್ತಿತ್ತು. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಯುಎಇ ಸರಕಾರ ಕ್ಷಮಾದಾನ ಕೊಟ್ಟಾಗ ದಂಡವಿಲ್ಲದೆ ವಾಪಸ್ ಬಂದ. ಬಳೆ ಮಾತ್ರ ಬರಲಿಲ್ಲ. ಸಫರಿಗೆ ಹೊರಡುವ ಮುಂಚೆ ಸಾಲ ತೀರಿಸು, ಅಮಾನತ್ತು ಹಿಂದಿರುಗಿಸು, ವಸಿಯತ್ತು ಬರೆದಿಡು ಎಂದು ಫಿಕ್ಹಿನಲ್ಲಿ ನಾವು ಮಕ್ಕಳಿಗೆ ಕಲಿಸುತ್ತೇವೆ. ಇವತ್ತು ಸಫರೇ ಬಡ್ಡಿ ಸಾಲದಿಂದ ಶುರುವಾಗುತ್ತಿದೆ.

ಹಳಬರು ಸುಖವಾಗಿ ಹೋದರು ಎಂದಲ್ಲ. ನಮ್ಮ ಕಾಕಂದಿರ ಕಾಲದಲ್ಲಿ ಮೊದಲು ಬೊಂಬಾಯಿ, ಅಲ್ಲಿ ಹೋಟೆಲಿನಲ್ಲೋ ಗೋದಿಯಲ್ಲೋ ದುಡಿದು, ಆಮೇಲೆ ದ್ವಾರಕಾ ಹಡಗಿನ ಡೆಕ್ಕಿನಲ್ಲಿ ಗಲ್ಫ್. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಕರಾವಳಿಯ ಹುಡುಗನಿಗೆ ಹಾದಿ ಹತ್ತಿರವಾಯಿತು. ಅವನು ಇಳಿದಲ್ಲೆಲ್ಲ ಒಬ್ಬ ಮಾವನೋ ಊರವನೋ ಇರುತ್ತಾನೆ. ಮೊದಲ ರಾತ್ರಿ ಯಾರದೋ ರೂಮಿನಲ್ಲಿ ಊಟ, ಬೆಳಿಗ್ಗೆ ಸಿಮ್ ಕಾರ್ಡ್.

ಹುಬ್ಬಳ್ಳಿ ಕಡೆಯ ಹುಡುಗನಿಗೆ ಉರ್ದು ಚೆನ್ನಾಗಿ ಬರುತ್ತದೆ, ಅಲ್ಲಿ ಅದು ನಮ್ಮ ಬ್ಯಾರಿ ಭಾಷೆಗಿಂತ ಹೆಚ್ಚು ಉಪಯೋಗ. ಆದರೆ ನಿಲ್ದಾಣದ ಬಾಗಿಲಲ್ಲಿ ಕಾಯುವವರು ಇಲ್ಲ. ಕಂಪೆನಿಯ ಗಾಡಿ ತಡವಾದರೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿಲ್ಲ. ಕೂಲಿಕಾರರ ಕ್ಯಾಂಪಿನ ಅಟ್ಟಣಿಗೆ ಮಂಚ, ಬಾತ್‌ರೂಮಿಗೆ ಸರದಿ, ನಲ್ಲಿಯಲ್ಲಿ ಬೇಸಿಗೆಯ ಬಿಸಿನೀರು. ಮೊದಲ ವಾರ ತುಂಬ ಹುಡುಗರು ಅಳುತ್ತಾರೆ, ಫೋನಿನಲ್ಲಿ ಮಾತ್ರ ನಗುತ್ತಾರೆ. ಮನೆಯವರು ಆಗಲೇ ಹಣ ಯಾವಾಗ ಎಂದು ಕೇಳಬಾರದು. ಇಖಾಮ, ಬ್ಯಾಂಕ್ ಖಾತೆ ಎಲ್ಲ ಆಗಿ ಮೊದಲ ಸಂಬಳ ಕೈಗೆ ಬರಲು ಎರಡು ತಿಂಗಳು ಹಿಡಿದರೆ ಅದು ಮೋಸವಲ್ಲ.

ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಬೇರೆ ಮಾತು. ಸೌದಿಯಲ್ಲೂ ಯುಎಇಯಲ್ಲೂ ಮಾಲಕ ಅದನ್ನು ವಶದಲ್ಲಿಟ್ಟುಕೊಳ್ಳುವಂತಿಲ್ಲ. ಇಟ್ಟುಕೊಳ್ಳುವವರು ಬಹಳ ಇದ್ದಾರೆ, ಹಾಗಾಗಿ ಹೊರಡುವಾಗಲೇ ಪಾಸ್‌ಪೋರ್ಟ್, ವೀಸಾ, ಕರಾರಿನ ನಕಲು ಮನೆಯಲ್ಲಿರಲಿ. ಸೌದಿಗೆ ಹೌಸ್ ಡ್ರೈವರ್ ಆಗಿ ಹೋಗುವವರು ಇನ್ನೊಂದು ತಿಳಿದಿರಬೇಕು. 2021ರ ಮಾರ್ಚ್‌ನಲ್ಲಿ ಬಂದ ಸುಧಾರಣೆಯಲ್ಲಿ ಕಂಪೆನಿ ಕೆಲಸಗಾರ ಒಂದು ವರ್ಷದ ನಂತರ ಮಾಲಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಾಯಿಸಬಹುದು ಎಂದಾಯಿತು. ಮನೆ ಚಾಲಕರು, ಮನೆಗೆಲಸದವರು, ಕುರಿ ಕಾಯುವವರು ಅದರಲ್ಲಿ ಸೇರಿರಲಿಲ್ಲ. ತೊಂದರೆ ಬಂದರೆ ರಾಯಭಾರ ಕಚೇರಿ ಇದೆ, ಸರಕಾರದ ಮದದ್ ಪೋರ್ಟಲ್ ಇದೆ. ಅದರಲ್ಲಿ ಮನೆಯವರೇ ಊರಿನಿಂದ ದೂರು ಹಾಕಬಹುದು.

ನಮಾಝಿನ ಬಗ್ಗೆ ಕೇಳುವವರೂ ಇದ್ದಾರೆ. ಶಾಫಿಈ ಮದ್‌ಹಬಿನಲ್ಲಿ ದಾರಿಯುದ್ದಕ್ಕೂ ಕಸ್ರ್, ಜಂಅ್ ಮಾಡಬಹುದು. ಎರಡು ವರ್ಷದ ವೀಸಾದಲ್ಲಿ ಹೋದವನು ತಲುಪಿದ ಮೇಲೆ ಪೂರ್ತಿ ಮಾಡಬೇಕು. ಇಲ್ಲಿನ ಹನಫಿ ಹುಡುಗರು ಅಲ್ಲಿ ಅಸರ್ ಬೇಗ ಆಗುತ್ತದೆಂದು ಗಾಬರಿಯಾಗುತ್ತಾರೆ. ನಮಗೆ ಅದು ನಮ್ಮದೇ ಸಮಯ. ಫಿತ್ರ್ ಝಕಾತ್‌ನಲ್ಲಿ ಅವನದ್ದು ಅಲ್ಲಿ, ಹೆಂಡತಿ ಮಕ್ಕಳದ್ದು ಅವರಿರುವ ಊರಿನಲ್ಲಿ.

ಅಬುಧಾಬಿಯ ಬ್ಯಾರೀಸ್ ವೆಲ್‌ಫೇರ್ ಫೋರಂ, ಕೆಸಿಎಫ್, ಡಿಕೆಎಸ್‌ಸಿಯಂತಹ ಸಂಘಟನೆಗಳು ನಮ್ಮವರದ್ದೇ. ಕರಾವಳಿಯವರಿಗೆ ಅವುಗಳ ಫೋನ್ ನಂಬರ್ ಹುಡುಕಬೇಕಾಗಿಲ್ಲ. ಘಟ್ಟದ ಮೇಲಿನ ಹುಡುಗರ ಹೆಸರು, ಇಳಿಯುವ ದಿನ, ಊರು, ಇಷ್ಟನ್ನು ಮಸೀದಿಯಿಂದ ಕಳಿಸಿದರೆ ಬರಮಾಡಿಕೊಳ್ಳಲು ಒಬ್ಬರನ್ನು ಕಳಿಸುವುದು ಅವರಿಗೆ ಭಾರವಾಗದು. ಉಣಕಲ್‌ನಿಂದ ಈಗ ಇಬ್ಬರು ರಿಯಾದಿಗೆ ಹೊರಡುವ ತಯಾರಿಯಲ್ಲಿದ್ದಾರೆ. ಒಬ್ಬ ಎಸಿ ಮೆಕ್ಯಾನಿಕ್, ಒಬ್ಬ ಹೌಸ್ ಡ್ರೈವರ್. ಅಲ್ಲಿ ಇಬ್ಬರಿಗೂ ಯಾರೂ ಇಲ್ಲ.