ಕಲ್ಲು ಹಾಸಿದ ಮಾತ್ರಕ್ಕೆ ರಸ್ತೆಯಾಗದು

ಮಂಡಿಯ ಶಸ್ತ್ರಚಿಕಿತ್ಸೆಯ ಬಳಿಕ ಊರುಗೋಲು ಹಿಡಿದು ನಡೆಯುವವನಿಗೆ ನಗರದ ನಿಜಸ್ವರೂಪ ತಿಳಿಯುತ್ತದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ನಾನು ತಲೆಯೆತ್ತಿ ನಡೆಯಬಲ್ಲೆ. ಬೇರೆ ಅನೇಕ ಬೀದಿಗಳಲ್ಲಿ ಕಣ್ಣು ನೆಲವನ್ನು ಬಿಟ್ಟು ಕದಲುವಂತಿಲ್ಲ. ಆದರೆ ಈಚೆಗೆ ಇಂಥದೇ ಒಂದು ಒಳ್ಳೆಯ ರಸ್ತೆಯಲ್ಲಿಯೂ ಚೇಂಬರಿನ ಮುಚ್ಚಳ ಮುರಿದಿತ್ತು. ಯಾರೋ ಪುಣ್ಯಾತ್ಮರು ಎಚ್ಚರಿಕೆಗೆಂದು ಅದರೊಳಗೆ ಮರದ ಕೊಂಬೆಯೊಂದನ್ನು ನೆಟ್ಟಿದ್ದರು. ವಾರ ಕಳೆದು ಹೋದಾಗ ಕೊಂಬೆ ಒಣಗಿತ್ತು, ಮುಚ್ಚಳ ಬಂದಿರಲಿಲ್ಲ.

ನಗರದ ಹೃದಯಭಾಗದ ಏಳು ರಸ್ತೆಗಳನ್ನು 2015ರ ಆಸುಪಾಸಿನಲ್ಲಿ 'ಟೆಂಡರ್‌ಶ್ಯೂರ್' ಮಾದರಿಯಲ್ಲಿ ಪುನರ್‌ನಿರ್ಮಿಸಲಾಯಿತು. ಜನರ ಕಣ್ಣಿಗೆ ಬಿದ್ದದ್ದು ಅಗಲವಾದ ಪಾದಚಾರಿ ಮಾರ್ಗ. ಆದರೆ ನಿಜವಾದ ಸುಧಾರಣೆ ಇರುವುದು ಅದರ ಅಡಿಯಲ್ಲಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ತಂತಿಗಳಿಗೆ ಪ್ರತ್ಯೇಕ ಜಾಗ ಕಲ್ಪಿಸಿ, ಅಲ್ಲಲ್ಲಿ ಚೇಂಬರುಗಳನ್ನು ಇರಿಸಲಾಯಿತು. ದುರಸ್ತಿಗೆ ಮುಚ್ಚಳ ತೆರೆದರೆ ಸಾಕು, ಡಾಂಬರು ಅಗೆಯಬೇಕಾಗಿಲ್ಲ ಎಂಬುದು ಅದರ ತಿರುಳು. 2018ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಚರ್ಚ್ ಸ್ಟ್ರೀಟ್ ಕಲ್ಲುಹಾಸಿನ ಸೊಬಗಿನಿಂದ ಹೆಸರಾಯಿತು.

ವಾಹನಗಳ ಜಾಗವನ್ನು ಕಿತ್ತು ಪಾದಚಾರಿಗಳಿಗೆ ಕೊಟ್ಟರೆಂಬ ಆಕ್ಷೇಪ ಆಗಲೇ ಕೇಳಿಬಂತು. ರಸ್ತೆಯೊಂದು ಎಷ್ಟು ವಾಹನಗಳನ್ನು ಸಾಗಿಸಬಲ್ಲುದು ಎಂಬುದನ್ನು ನಿರ್ಧರಿಸುವುದು ಅದರ ಅತಿ ಕಿರಿದಾದ ಭಾಗ. ನಡುನಡುವೆ ಸಿಗುವ ಹೆಚ್ಚಿನ ಅಗಲ ವಾಹನ ನಿಲುಗಡೆಗೆ ಒದಗೀತೇ ಹೊರತು ಸಂಚಾರಕ್ಕಲ್ಲ. ಆದಿಯಿಂದ ಅಂತ್ಯದವರೆಗೆ ಒಂದೇ ಅಗಲದ ಪಥಗಳನ್ನಿರಿಸಿ, ಮಿಕ್ಕಿದ್ದನ್ನು ನಡೆಯುವವರಿಗೆ ಬಿಡುವುದರಲ್ಲಿ ನಷ್ಟವೇನೂ ಇಲ್ಲ. ವೆಚ್ಚ ಅಧಿಕವೆಂಬ ಟೀಕೆಗೂ ಉತ್ತರವಿದೆ: ಅಗೆಯುವುದು, ಮುಚ್ಚುವುದು, ಮತ್ತೆ ಡಾಂಬರು ಬಳಿಯುವುದು ಇವನ್ನೆಲ್ಲ ಇಪ್ಪತ್ತು ವರ್ಷಗಳಿಗೆ ಕೂಡಿ ಲೆಕ್ಕ ಹಾಕಬೇಕು. ಆದರೆ ಈ ಲೆಕ್ಕ ಸರಿಹೊಂದುವುದು ನಿರ್ಮಿಸಿದ್ದನ್ನು ಕಾಪಾಡಿಕೊಂಡಾಗ ಮಾತ್ರ.

ನಮ್ಮ ಆಡಳಿತ ಎಡವುವುದು ಇಲ್ಲಿಯೇ. ಸೇವೆಯಲ್ಲಿದ್ದಾಗ ನಾನು ಕಂಡ ಕಡತಗಳಲ್ಲಿ ಹೊಸ ಕಾಮಗಾರಿಗೆ ಬಂಡವಾಳ ವೆಚ್ಚದ ಶೀರ್ಷಿಕೆಯಡಿ ಹಣ ಸುಲಭವಾಗಿ ದೊರೆಯುತ್ತಿತ್ತು. ನಿರ್ವಹಣೆ ಮಾತ್ರ ರಾಜಸ್ವ ವೆಚ್ಚ. ಕಡಿತದ ಮಾತು ಬಂದೊಡನೆ ಮೊದಲು ಕತ್ತರಿ ಬೀಳುತ್ತಿದ್ದುದು ಅದಕ್ಕೇ. ಹೊಸ ರಸ್ತೆಗೆ ಉದ್ಘಾಟನೆಯ ಫಲಕವುಂಟು, ಬದಲಾಯಿಸಿದ ಮುಚ್ಚಳಕ್ಕೆ ಫಲಕವಿಲ್ಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಕಟ್ಟಿದ್ದನ್ನು ಉಳಿಸಿ ನೋಡು ಎಂಬುದನ್ನೂ ಸೇರಿಸಿಕೊಳ್ಳಬೇಕಾಗಿದೆ.

2025ರಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದಿವೆ. ಅವು ಮೂರು ಕೆಲಸಗಳನ್ನು ಕೈಗೊಳ್ಳಬೇಕು. ಒಂದು, ರಸ್ತೆ ನಿರ್ಮಾಣಕ್ಕೆ ಮಂಜೂರಾತಿ ನೀಡುವಾಗಲೇ ನಿರ್ವಹಣೆಯ ಹಣವನ್ನೂ ತೆಗೆದಿರಿಸುವುದು. ವಾಹನ ನಿಲುಗಡೆ ಶುಲ್ಕವನ್ನು ಆಯಾ ರಸ್ತೆಗೇ ಮೀಸಲಿಡಬಹುದು. ಎರಡು, ನೆಲದಡಿಯ ಕೊಳವೆ, ತಂತಿಗಳ ನಕ್ಷೆಯನ್ನು ಎಲ್ಲ ಇಲಾಖೆಗಳಿಗೂ ಒದಗಿಸಿ, ನಕ್ಷೆ ನೋಡದೆ ಅಗೆದವರಿಗೆ ದಂಡ ವಿಧಿಸುವುದು. ಮೂರು, ಪ್ರತಿ ರಸ್ತೆಗೂ ಹೊಣೆಗಾರ ಎಂಜಿನಿಯರ್ ಒಬ್ಬರನ್ನು ನೇಮಿಸಿ, ಅವರ ದೂರವಾಣಿ ಸಂಖ್ಯೆಯನ್ನು ಅಲ್ಲಿಯೇ ಬರೆಸುವುದು.

ಅಗಲವಾದ ಹಾದಿಯಲ್ಲಿ ಬೀದಿ ವ್ಯಾಪಾರಿಗಳಿಗೂ ಸ್ಥಳ ಗುರುತಿಸಬೇಕು. ಅವರ ಜೀವನೋಪಾಯದ ಹಕ್ಕನ್ನು ರಕ್ಷಿಸಲೆಂದೇ 2014ರ ಕಾಯ್ದೆ ಇದೆ. ಅಲಂಕಾರದ ಹೆಸರಿನಲ್ಲಿ ಅವರನ್ನು ಎಬ್ಬಿಸುವುದು ಸುಧಾರಣೆಯಲ್ಲ.

ಕಾರಿನಲ್ಲಿ ಸಾಗುವವರಿಗೆ ಪಾದಚಾರಿ ಮಾರ್ಗ ಒಂದು ನೋಟ. ಬಸ್ಸಿಳಿದು ಕೆಲಸಕ್ಕೆ ನಡೆಯುವ ಹೆಣ್ಣುಮಗಳಿಗೆ, ಗಾಲಿಕುರ್ಚಿಯಲ್ಲಿರುವವರಿಗೆ, ನನ್ನಂಥ ವೃದ್ಧರಿಗೆ ಅದೇ ರಸ್ತೆ. ಅದರ ಮೇಲೆ ಬಾಯ್ದೆರೆದ ಒಂದು ಚೇಂಬರು ಕೋಟಿಗಟ್ಟಲೆ ವೆಚ್ಚದ ಕಾಮಗಾರಿಯನ್ನು ವ್ಯರ್ಥಗೊಳಿಸಬಲ್ಲುದು. ಅದನ್ನು ಮುಚ್ಚಲು ಬೇಕಾದುದು ಒಂದು ಚಪ್ಪಡಿ ಮತ್ತು ಒಬ್ಬ ಹೊಣೆಗಾರ.